ಕಣ್ಣು ತೆರೆಯದೆ ಹೊರಟ ದೇವರು

“ಕಣ್ಣು ಬಿಟ್ಟ ತಕ್ಷಣ ಇವನು ಮೊದಲು ಏನ್ ನೋಡ್ಬೇಕು?”

ಅಶ್ವತ್ಥಾಚಾರಿ ಕೇಳಿದ್ದು ಯಾರನ್ನೂ ಅಲ್ಲ. ಶಿವಾರಪಟ್ಟಣದ ತಮ್ಮ ಮನೆಯಂಗಳದ ಬೇವಿನ ನೆರಳಿನಲ್ಲಿ, ಒಂದು ಮೊಳದೆತ್ತರದ ಆಂಜನೇಯನ ಎದುರಿಗೆ, ಗೋಣಿತಾಟಿನ ಮೇಲೆ ಕೂತಿದ್ದರು. ವಿಗ್ರಹ ಮುಗಿದಿತ್ತು. ಬಾಲದ ತುದಿಯ ಗಂಟೆ, ಮುಗಿದ ಕೈಗಳ ಉಗುರು, ಕಿವಿಯ ಕುಂಡಲ ಎಲ್ಲವೂ ಇದ್ದವು. ಕಣ್ಣಿನ ಜಾಗದಲ್ಲಿ ಮಾತ್ರ ನುಣುಪಾದ ಎರಡು ಉಬ್ಬು, ನಿದ್ದೆಹೋದ ಮಗುವಿನ ರೆಪ್ಪೆಯ ಹಾಗೆ.

ಆ ಮನೆತನದಲ್ಲಿ ಕಲ್ಲಿಗೆ ಮೊದಲು ಕಿವಿ, ಕೊನೆಗೆ ಕಣ್ಣು. ಕೆತ್ತುವಷ್ಟು ದಿನವೂ ಆಚಾರಿ ತಮ್ಮ ತಂದೆಯಿಂದ ಕೇಳಿ ಕಲಿತ ಪದ್ಯಗಳನ್ನು ರಾಗವಾಗಿ ಹೇಳುತ್ತಲೇ ಇರುತ್ತಾರೆ, ಕಲ್ಲು ಕೇಳುತ್ತಿರುತ್ತದೆ. ಕೇಳಿ ಕೇಳಿ ಅದು ಹದಕ್ಕೆ ಬಂದ ಮೇಲೆ, ನೆಲೆಗೊಳ್ಳುವ ಜಾಗಕ್ಕೆ ಹೋದ ಮೇಲೆ, ತೆರೆ ಕಟ್ಟಿ, ಎದುರಿಗೆ ಕನ್ನಡಿ ಹಿಡಿದು, ಕಣ್ಣು ತೆರೆಸುವುದು. ಅಲ್ಲಿಯವರೆಗೆ ಅದು ಕಲ್ಲು. ಮಲಗಿಸಬಹುದು, ಬೋರಲು ಹಾಕಬಹುದು, ಲಾರಿಗೆ ಹೇರಬಹುದು. ಕಣ್ಣು ತೆರೆದ ಮೇಲೆ ಅದರ ಎದುರು ಕಾಲು ಚಾಚಿ ಕೂರುವಂತಿಲ್ಲ.

ಈ ಆಂಜನೇಯ ಹೊರಟಿದ್ದು ನ್ಯೂಜಿಲೆಂಡಿಗೆ, ಮಗಳು ಚಂದನಳ ಮನೆದೇವರಾಗಿ. ಅವಳ ಗಂಡ ಶ್ರೀಧರ್ ವೇಮಗಲ್ಲಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಅಲ್ಲಿ ಹಾಲಿನ ಟ್ಯಾಂಕು ಮಾಡುವ ಕಂಪನಿಯೊಂದು ಅವನನ್ನು ಕರೆದಿತ್ತು, ಸಾಮಾನು ಸಾಗಿಸುವ ಏರ್ಪಾಡನ್ನೂ ತಾನೇ ಮಾಡಿತ್ತು. ಮಾಲೂರಿನ ಬಾಡಿಗೆ ಮನೆ ಖಾಲಿ ಮಾಡಿ ಎಲ್ಲವನ್ನೂ ಇಲ್ಲಿ ತಂದು ಪೇರಿಸಿದ್ದರು. ಇವತ್ತು ಲಾರಿ. ನಾಳೆ ಚೆನ್ನೈ. ಆಮೇಲೆ ತಿಂಗಳು ಮೀರಿದ ಸಮುದ್ರ.

ಚಂದನಳಿಗೆ ಬೇಕಾಗಿದ್ದದ್ದು ಒಂದೇ: ಆ ಕಣ್ಣನ್ನು ಅಪ್ಪನ ಕೈಯೇ ತೆರೆಸಬೇಕು. ಆದರೆ ವರ್ಷಾನುಗಟ್ಟಲೆ ಕಲ್ಲು ಕೊಯ್ಯುವ ಯಂತ್ರ ಹಿಡಿದ ಆ ಕೈಗೆ ನಡುಕ ಹತ್ತಿತ್ತು. ಲೋಟ ಹಿಡಿದರೆ ಕಾಫಿ ಅಂಗಿಯ ಮೇಲೆ. ಹೋದ ಯುಗಾದಿಗೆ ಇದ್ದದ್ದಕ್ಕಿಂತ ಈಗ ಹೆಚ್ಚು. ಮುಂದಿನ ಯುಗಾದಿಗೆ ಏನೋ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಲಾರಿ ಬಂತು. ಇಳಿದವನು ಮುರಳಿಮೋಹನ್, ಪ್ಯಾಕಿಂಗಿನವರ ಮೇಸ್ತ್ರಿ. ಮುಳಬಾಗಿಲ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು. ಜೊತೆಗೆ ಇಬ್ಬರು ಆಳುಗಳು. ಮಂಚ, ಮಿಕ್ಸಿ, ಹೊಲಿಗೆ ಮಷಿನ್ ಎಲ್ಲ ರಟ್ಟಿನೊಳಗೆ ಸೇರುತ್ತ ಹೋದವು. ಚಂದನಳ ತಾಯಿ ಭಾರತಮ್ಮ ಮಾವಿನ ಉಪ್ಪಿನಕಾಯಿ ಜಾಡಿಯನ್ನು ಸೀರೆಗಳ ನಡುವೆ ತುರುಕಿದ್ದು ಅವನ ಕಣ್ಣಿಗೆ ಬಿತ್ತು.

“ಅಮ್ಮ, ಇದು ಹೋಗಲ್ಲ.”

“ಯಾಕೆ, ಆ ದೇಶದೋರು ಉಪ್ಪಿನಕಾಯಿ ಕಂಡಿಲ್ವಾ?”

“ಕಂಡ್ರೆ ನಮ್ಮನ್ನ ಬಿಡಲ್ಲ ಅಂತಲೇ.”

“ಅಳಿಯ, ಕೇಳ್ದೇನಪ್ಪಾ? ನಿನ್ನ ಬಿಡ್ತಾರಂತೆ, ಉಪ್ಪಿನಕಾಯಿ ಬಿಡಲ್ವಂತೆ.”

“ಅತ್ತೆ, ಉಪ್ಪಿನಕಾಯಿಗೆ ಇರೋ ಮರ್ಯಾದೆ ನನಗೆಲ್ಲಿ” ಎಂದು ಶ್ರೀಧರ್ ನಕ್ಕ.

ಆಮೇಲೆ ಆಂಜನೇಯನ ಪೆಟ್ಟಿಗೆ. ಊರಿನಿಂದ ಎಲ್ಲಿಗೆ ವಿಗ್ರಹ ಕಳಿಸಿದರೂ ಹುಲ್ಲಿನ ಮೆತ್ತೆ ಹಾಸಿಯೇ ಕಳಿಸುವುದು. ಆಚಾರಿ ಹಿಂದಿನ ದಿನವೇ ರಾಗಿಹುಲ್ಲನ್ನು ಒಪ್ಪವಾಗಿ ತುಂಬಿಟ್ಟಿದ್ದರು. ಮುರಳಿಮೋಹನ್ ಅದನ್ನು ನೋಡಿ ತಲೆ ಕೆರೆದುಕೊಂಡ. “ಆಚಾರ್ರೇ, ಹುಲ್ಲು, ಮಣ್ಣು, ಬೀಜ, ಇವು ಮೂರೂ ಅಲ್ಲಿ ಇಳಿಯಂಗಿಲ್ಲ. ಒಂದು ಕಾಳು ಸಿಕ್ಕಿದ್ರೂ ಇಡೀ ಸಾಮಾನು ನಿಲ್ಲಿಸ್ತಾರೆ.” ಹುಲ್ಲನ್ನೆಲ್ಲ ಹೊರಗೆ ತೆಗೆದು ಸ್ಪಂಜಿನ ಮೆತ್ತೆ ಹಾಸಿದ. ವಿಗ್ರಹದ ಮಡಿಕೆಗಳೊಳಗೆ ಕೂತಿದ್ದ ಕಲ್ಲುಪುಡಿಯನ್ನು ನೀರು ತರಿಸಿ ತೊಳೆಸಿದ. ಅಷ್ಟಾಗಿ, ಎತ್ತುವ ಹೊತ್ತಿಗೆ ಅವನ ಕೈ ಹಿಂದಕ್ಕೆ ಸರಿಯಿತು.

“ಪೂಜೆ ಆಗಿದ್ಯಾ, ಸ್ವಾಮಿ?”

“ಕಣ್ಣೇ ಇಲ್ವಲ್ಲಪ್ಪ. ಎತ್ಕೋ, ಇನ್ನೂ ಕಲ್ಲೇ.”

ಮುರಳಿಮೋಹನ್ ಬಗ್ಗಿ ಆ ಉಬ್ಬುಗಳನ್ನು ನೋಡಿದ. ಚಪ್ಪಲಿ ಬಿಟ್ಟು ಬಂದು, ಆಳುಗಳಿಗೂ ಬಿಡಲು ಹೇಳಿದ. “ಕಲ್ಲೇ ಇರ್ಲಿ. ನಮ್ಗೇನ್ ಹೋಗ್ತದೆ” ಎಂದ. ಒಬ್ಬ ಆಳು ಮೆಲ್ಲಗೆ, “ಸಮುದ್ರ ದಾಟೋದು ಇವ್ನಿಗೇನು ಹೊಸದಾ ಅಣ್ಣ, ನಾವ್ಯಾಕೆ ಪೆಟ್ಟಿಗೆ ಮಾಡ್ಬೇಕು” ಅಂದಾಗ ಆಚಾರಿಗೂ ನಗು ಬಂತು.

ಆಗಲೇ ಚಂದನ ಹಿತ್ತಲಿಂದ ಬಂದಳು. ಬಲಗೈಯಲ್ಲಿ ಪಕ್ಕದ ಮನೆಯ ಹಸುವಿನ ಹಗ್ಗ, ಹಿಂದೆ ಅದರ ಕರು. ಎಡ ಕಂಕುಳಲ್ಲಿ ಕನ್ನಡಿ. ಎಡಗೈಯಲ್ಲಿ ಜೇನಿನ ಬಟ್ಟಲು, ಸೆರಗಿನ ತುದಿಯಲ್ಲಿ ದೇವರ ಗೂಡಿನಲ್ಲಿರುತ್ತಿದ್ದ ಚಿನ್ನದ ಸೂಜಿ. ಕಣ್ಣು ಬಿಟ್ಟ ದೇವರಿಗೆ ಮೊದಲು ತೋರಿಸುವ ಹಸು-ಕರುವಿನಿಂದ ಹಿಡಿದು, ಕಣ್ಣು ತೆರೆಸುವ ದಿನಕ್ಕೆ ಬೇಕಾದದ್ದೆಲ್ಲ.

 ಆಳುಗಳು ರಟ್ಟು ಬದಿಗೆಳೆದು ಹಸುವಿಗೆ ದಾರಿ ಬಿಟ್ಟರು.

“ಅಪ್ಪ, ಈಗಲೇ ತೆರೆಸಿಬಿಡು” ಅಂದಳು.

ಆಚಾರಿ ಹಸುವನ್ನು ನೋಡಿದರು, ಕನ್ನಡಿಯನ್ನು ನೋಡಿದರು. “ಹುಚ್ಚಿ. ಕಣ್ಣು ಬಿಟ್ಟೋನನ್ನ ಕತ್ತಲೆ ಪೆಟ್ಟಿಗೇಲಿ ಹಾಕಿ ಮೊಳೆ ಹೊಡೀತಾರಾ? ಅಷ್ಟು ದಿನ ಅವನು ಏನ್ ನೋಡ್ತಾ ಕೂರ್ಬೇಕು?”

“ಹಂಗಾದ್ರೆ ಅಲ್ಲಿಗೆ ಬಾ. ಬಂದು ತೆರೆಸು.”

“ಈ ಕೈ ಇಟ್ಕೊಂಡಾ?” ಆಚಾರಿ ಬಲಗೈ ಎತ್ತಿ ತೋರಿಸಿದರು. ಬೆರಳುಗಳು ಅರಳಿ ಎಲೆಯ ಹಾಗೆ ತಾವಾಗಿಯೇ ಅಲುಗುತ್ತಿದ್ದವು. “ಅಲ್ಲಿಗೆ ಬಂದು, ಒಂದೇಟು ತಪ್ಪಿ, ಅವನ ಕಣ್ಣು ಕೀಳ್ಲಾ?”

ಚಂದನ ಹಗ್ಗವನ್ನು ಬೇವಿಗೆ ಕಟ್ಟಿದಳು. ಅವಳು ಚಿಕ್ಕವಳಿದ್ದಾಗ ಆವನಿಯ ಹತ್ತಿರದ ಒಂದು ಗುಡಿಯಲ್ಲಿ ಅಪ್ಪನಿಗಾಗಿ ಕನ್ನಡಿ ಹಿಡಿದವಳು. ಕಣ್ಣು ಮುಚ್ಚಿಕೊಂಡಿರಬೇಕು ಎಂದಿದ್ದರು, ಮುಚ್ಚಿದ್ದಳು. ಉಳಿಯ ಕೊನೆಯ ಸದ್ದಾದ ಕೂಡಲೇ ಎದುರಿನಿಂದ ಯಾರೋ ಅಂಗೈಯಿಟ್ಟ ಹಾಗೆ ಕನ್ನಡಿ ಅವಳ ಎದೆಯ ಕಡೆಗೆ ಒತ್ತಿತ್ತು. ಗಾಳಿ ಇರಲಿಲ್ಲ. ಯಾರೂ ಹತ್ತಿರ ಇರಲಿಲ್ಲ. ಇದನ್ನು ಅವಳು ಗಂಡನಿಗೆ ಮಾತ್ರ ಹೇಳಿದ್ದಳು. ಶ್ರೀಧರ್ ಈಗ ಅವಳ ಹಿಂದೆ ಬಂದು ನಿಂತ.

“ಬೇರೆ ಯಾರಾದ್ರೂ ಆಚಾರಿ ಅಲ್ಲಿ...” ಎಂದ ಭಾರತಮ್ಮನ ಮಾತನ್ನು ಗಂಡ ಕಣ್ಣಲ್ಲೇ ತಡೆದರು.

“ಬೇರೆಯೋರು ಬೇಡ. ಇವಳಿದ್ದಾಳಲ್ಲ” ಅಂದರು. “ಬಾ ಇಲ್ಲಿ. ನೋಡ್ಕೋ.”

ಅಂಗಳದ ಮೂಲೆಯಲ್ಲಿ ಒಡೆದ ಕಂಬಗಳ ಚೂರುಗಳ ಗುಡ್ಡೆ ಇತ್ತು. ಕಲಿಯುವವರು ಕೈ ಪಳಗಿಸಿಕೊಳ್ಳುವುದು ಅವುಗಳ ಮೇಲೆಯೇ. ಅದರಲ್ಲೊಂದನ್ನು ಶ್ರೀಧರ್ ಎತ್ತಿ ತಂದಿಟ್ಟ. ಕೃಷ್ಣಶಿಲೆಯ ಬರಿ ತುಂಡು. ಮುಖವಿಲ್ಲ, ಮೂಗಿಲ್ಲ, ಏನೂ ಇಲ್ಲ. ಆಚಾರಿ ಸೀಮೆಸುಣ್ಣದಿಂದ ಒಂದು ಕಣ್ಣು ಬರೆದರು. ಗೆರೆ ನಡುಗಿತು. ಮುರಳಿಮೋಹನ್ ಬೇರೆ ಕಡೆ ನೋಡಿದ.

ಸಣ್ಣ ಉಳಿ ಎತ್ತಿಕೊಂಡಾಗಲೂ ಕೈ ನಡುಗುತ್ತಲೇ ಇತ್ತು. ಉಳಿಯ ಮೂತಿ ಕಲ್ಲಿಗೆ ತಾಗುವವರೆಗೂ ನಡುಗಿತು. ತಾಗಿದ್ದೇ, ನಿಂತಿತು.

ಹೇಗೆ ನಿಂತಿತೆಂದು ಅಲ್ಲಿದ್ದವರು ಯಾರೂ ಹೇಳಲಾರರು. ಹೊಳೆ ಬಂದು ಕೆರೆ ಸೇರಿದಾಗ ನೀರು ಹೇಗೆ ಸುಮ್ಮನಾಗುತ್ತದೋ ಹಾಗೆ. ಆಚಾರಿಯ ಬಾಯಲ್ಲಿ ಪದ್ಯ ಶುರುವಾಗಿತ್ತು, ಅವರಿಗೇ ತಿಳಿಯದೆ. ಸುತ್ತಿಗೆ ಆ ಲಯಕ್ಕೆ ಬಿತ್ತು. ಮೇಲಿನ ರೆಪ್ಪೆ ಬಂತು. ಕೆಳಗಿನದು ಬಂತು. ಕಣ್ಣುಗುಡ್ಡೆಯ ಸುತ್ತು ಬಂತು. ಪದ್ಯ ಎಳೆದು ನಿಂತ ಕಡೆ ಅವರು ಉಸಿರು ಹಿಡಿದು, ನಡುವಿಗೆ ಒಂದೇ ಏಟು ಕೊಟ್ಟರು.

ಕಲ್ಲು ನೋಡಿತು.

ಮುಖವಿಲ್ಲದ ಕಂಬದ ಚೂರು, ಒಂದೇ ಕಣ್ಣಿಂದ, ಅಂಗಳವನ್ನೆಲ್ಲ ನೋಡಿತು. ಕರು ಹಿಂದಕ್ಕೆ ಜಿಗಿದು ತಾಯಿಯ ಹೊಟ್ಟೆಯ ಕೆಳಗೆ ಸೇರಿತು. ಆಳುಗಳಲ್ಲೊಬ್ಬನ ಕೈಯಿಂದ ಟೇಪಿನ ಸುರುಳಿ ಜಾರಿ ಉರುಳುತ್ತ ಹೋಯಿತು. ಅವನು ಅದರತ್ತ ನೋಡಲಿಲ್ಲ. “ದೇವುಡಾ” ಎಂದ ಮುರಳಿಮೋಹನ್, ಉಸಿರಿನಷ್ಟು ಮೆಲ್ಲಗೆ, ಎರಡೂ ಕೈ ಎದೆಗೆ ತಂದುಕೊಂಡು. ಎಲ್ಲಿ ನಿಂತರೂ ಆ ಕಣ್ಣು ತನ್ನನ್ನೇ ನೋಡುತ್ತಿದೆ ಎಂದು ಪ್ರತಿಯೊಬ್ಬರಿಗೂ ಅನ್ನಿಸಿತು. ಭಾರತಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಇಷ್ಟು ವರ್ಷ ಈ ಅಂಗಳ ಗುಡಿಸಿದವರು, ಕಲ್ಲುಪುಡಿಯನ್ನು ಬೈದುಕೊಂಡವರು. ಕಣ್ಣು ಹುಟ್ಟುವುದನ್ನು ತೆರೆಯಿಲ್ಲದೆ ನೋಡಿದ್ದು ಇದೇ ಮೊದಲು.



ಆಚಾರಿ ಚೂರಿನ ಮೇಲೆ ಮೆಲ್ಲಗೆ ಒಂದು ಒದ್ದೆ ಬಟ್ಟೆ ಹೊದಿಸಿದರು. ಉಳಿ ಕಲ್ಲನ್ನು ಬಿಟ್ಟದ್ದೇ ಕೈ ಮತ್ತೆ ನಡುಗತೊಡಗಿತು. ಆ ನಡುಗುವ ಕೈಯಿಂದಲೇ ಉಳಿಯನ್ನೂ ಚಿನ್ನದ ಸೂಜಿಯನ್ನೂ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಮಗಳ ಮುಂದೆ ಹಿಡಿದರು.

“ನೋಡ್ದೆಯಲ್ಲ ಕಣೇ. ಇಷ್ಟೇ. ನಿನ್ನ ಕೈ ನನ್ನದಕ್ಕಿಂತ ಗಟ್ಟಿ. ಚಿಕ್ಕವಳಿದ್ದಾಗ ಚೂರುಗಳ ಮೇಲೆ ಎಷ್ಟು ಕಣ್ಣು ಕೆತ್ತಿಲ್ಲ ನೀನು. ಅಲ್ಲಿ ಹೋಗಿ, ಸ್ನಾನ ಮಾಡಿ, ಪದ್ಯ ಹೇಳ್ಕೊಂಡು ನೀನೇ ತೆರೆಸು.”

ಚಂದನ ಆ ಗಂಟನ್ನು ನೋಡಿದಳು. ಮುಟ್ಟಲಿಲ್ಲ.

“ಕಲ್ಲು ತಾಗಿದ್ರೆ ನಿನ್ನ ಕೈ ನಿಲ್ತದೆ. ಇವರೆಲ್ಲ ನೋಡಿದ್ರು” ಅಂದಳು.

“ಇವತ್ತು ನಿಂತಿತು. ನಾಳೆಯದು ನನಗೆ ಗೊತ್ತಿಲ್ಲ. ತಗೋಳೇ, ಲಾರಿ ಕಾಯ್ತಾ ಇದೆ.”

ಮುರಳಿಮೋಹನ್, ಲಾರಿ ಕಾದರೆ ಕಾಯಲಿ ಎಂಬಂತೆ ಕೈಬೀಸಿದ. ಆಳುಗಳು ಆಂಜನೇಯನನ್ನು ಮಗುವಿನ ಹಾಗೆ ಎತ್ತಿ ಮೆತ್ತೆಯ ಮೇಲೆ ಮಲಗಿಸಿದರು. ಮುಚ್ಚಿದ ರೆಪ್ಪೆಗಳ ಮೇಲೆ ಬೇವಿನ ನೆರಳು ಆಡುತ್ತಿತ್ತು. ಮುಚ್ಚಳ ಹಿಡಿದವನು ಅದನ್ನು ಇಳಿಸದೆ ಚಂದನಳ ಮುಖ ನೋಡುತ್ತ ನಿಂತ.

“ತಗೋ ಮಗಳೇ” ಎಂದರು ಆಚಾರಿ. ಈ ಸಲ ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. “ಅವನನ್ನ ಕುರುಡಾಗಿ ಕೂರಿಸ್ಬೇಡ. ನನಗೋಸ್ಕರ ತೆರೆಸ್ತೀನಿ ಅನ್ನು.”

“ಇಲ್ಲಪ್ಪ” ಅಂದಳು ಚಂದನ. “ನಾನು ತೆರೆಸಲ್ಲ. ನೀನು ಬರೋವರೆಗೂ ಅವನು ಹಂಗೇ ಇರ್ಲಿ.”