ಪ್ರಿಯದರ್ಶಿನಿಯ ಬೀಗ

ಮುಂದಿನ ಟ್ರ್ಯಾಕ್ಟರಿನ ಹೊರೆಯಿಂದ ಕಬ್ಬಿನ ಜಲ್ಲೆಯೊಂದು ಜಾರಿ ತೂಗುತ್ತಿದೆ, ಈಗ ಬೀಳುತ್ತೆ, ಇಲ್ಲ, ಬೀಳಲಿಲ್ಲ, ಅದರಾಚೆ ರೈಲ್ವೆ ಗೇಟು ಇಳಿದಿದೆ, ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ, ಕಾರಿನ ಬಾಗಿಲು ತೆಗೆಯಲೂ ಜಾಗವಿಲ್ಲ, ಭದ್ರಾವತಿ ಬಂದೇ ಬಂತು ಅನ್ನುವಾಗ ಹೀಗೆ, ಬರದೇ ಇದ್ದರೇ ಚೆನ್ನಾಗಿತ್ತು ಅಂದುಕೊಂಡಳು ಜಯಶೀಲಾ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು, ಅದರ ಮೇಲೆ ಗಾಂಧಿ ಬಜಾರಿನ ಕೋಡುಬಳೆ ಪೊಟ್ಟಣ, ಪೊಟ್ಟಣದ ದಾರಕ್ಕೆ ಕಟ್ಟಿದ ಪುಟ್ಟ ಬೀಗದಕೈ. ದಾರೀಲಿ ತಿನ್ನಿ ಮೇಡಂ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು, ಅಂದಿದ್ದಳು ಪ್ರಿಯದರ್ಶಿನಿ, ತಂಡಕ್ಕೆ ಬಂದು ಇನ್ನೂ ವರ್ಷ ತುಂಬದ ಹುಡುಗಿ, ಆಮೇಲೆ ಮುಖ ಆಚೆ ತಿರುಗಿಸಿ, ನನ್ನ ಬೀಗ ನೀವೇ ತೆಗೆದುಬಿಡಿ, ನನ್ನಿಂದ ನಿಮ್ಮ ಕೆಲಸ ಹೋಗೋದು ಬೇಡ — ಬೈದಿದ್ದರೆ ಸುಲಭವಿತ್ತು, ಕೋಡುಬಳೆ ಕೊಟ್ಟಳು. ದುರ್ಗಿಗುಡಿಯ ಆಫೀಸಿನ ಗೋಡೆಗೆ ಆರು ತೂತಿನ ಕಬ್ಬಿಣದ ಪಟ್ಟಿ ಹೊಡೆಸಿದವಳು ತಾನೇ, ಎಲ್ಲರಿಗೂ ಒಂದೊಂದು ಬೀಗ ಕೊಟ್ಟು, ನಮ್ಮ ಸಾಫ್ಟ್‌ವೇರಿನ ಮೇಲೆ ಯಾರಿಗೆ ಅನುಮಾನ ಬಂದರೂ ಇಲ್ಲಿ ಬೀಗ ಹಾಕಿ, ಹಾಕಿದವರೇ ತೆಗೆಯುವ ತನಕ ಅದು ಹೊರಗೆ ಹೋಗಕೂಡದು, ನಾನು ಹೇಳಿದರೂ ಹೋಗಕೂಡದು ಅಂದವಳು ತಾನೇ, ಹುಡುಗರು ನಕ್ಕಿದ್ದರು, ಗೋಡೆ ಎಲ್ಲಿಗ್ ಓಡಿಹೋಗುತ್ತೆ ಮೇಡಂ ಅಂತ, ನಿಜವೇ, ಈಗ ಅಲ್ಲಿರುವ ಪ್ರಿಯದರ್ಶಿನಿಯ ಬೀಗ ಏನನ್ನೂ ಹಿಡಿದಿಲ್ಲ, ಸುಮ್ಮನೆ ತೂಗುತ್ತಿದೆ, ಒಂದೇ ಒಂದು. ಫೋನು. ಹರಿಪ್ರಸಾದ್, ಕಂಪನಿಯ ಒಡೆಯ, ಅವಳಿಗಿಂತ ಚಿಕ್ಕವನು, ನಮ್ಮ ಸಾಫ್ಟ್‌ವೇರ್ ಉದ್ಘಾಟನೆಗೆ ನರ್ಸಿಂಗ್ ಹೋಮಿನವರು ಹಾರ ತಂದು ಕಾಯ್ತಿದಾರೆ, ಎಲ್ಲಿದೀರಿ ಮೇಡಂ, ಗೇಟು ಸರ್, ಹಾಗಾದ್ರೆ ಅಲ್ಲಿಂದಲೇ ಬಿಡುಗಡೆ ಮಾಡಿಬಿಡಿ, ಪಾಸ್‌ವರ್ಡ್ ನಿಮ್ಮ ಹತ್ರಾನೇ ಇದೆಯಲ್ಲ, ಪ್ರಿಯದರ್ಶಿನಿ ಒಂದು ತಪ್ಪು ತೋರಿಸಿದಾಳೆ ಸರ್, ಮಗುವಿನ ತೂಕ ಬರೆಯದೆ ಬಿಟ್ಟರೆ ಒಮ್ಮೊಮ್ಮೆ ಹಿಂದಿನ ರೋಗಿಯ ತೂಕ ಹಿಡಿದು ಔಷಧಿ ಎಷ್ಟು ಅಂತ ಹೇಳ್ತಿದೆ, ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ, ಅಯ್ಯೋ ತೂಕ ಬರೀದೆ ಯಾವ ನರ್ಸ್ ಬಿಡ್ತಾರೆ, ಇದೇನು ನಿಮ್ಮ ಫೌಂಡ್ರಿನಾ, ಐದು ನಿಮಿಷ ಯೋಚನೆ ಮಾಡಿ, ನಿಮ್ಮ ಜಾಗಕ್ಕೆ ವಸಂತ್ ಇದಾನೆ. ಫೌಂಡ್ರಿ, ಹೌದು, ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆ, ಇದೇ ಭದ್ರಾವತಿಯಲ್ಲಿ, ಐಟಿಐ ಮುಗಿಸಿ ಫಿಟ್ಟರ್ ಆಗಿ ಸೇರಿದ ಒಬ್ಬಳೇ ಹುಡುಗಿ, ಸ್ಟೋರಿಗೆ ಕಂಪ್ಯೂಟರ್ ಬಂದಾಗ ಎಲ್ಲರೂ ದೂರ ನಿಂತರು, ಇವಳು ಗ್ರೀಸಿನ ಕೈ ಒರೆಸಿಕೊಂಡು ಮುಟ್ಟಿದಳು, ಮುಟ್ಟುತ್ತ ಮುಟ್ಟುತ್ತ ಇಲ್ಲಿಗೆ ಬಂದಳು, ಎಂಜಿನಿಯರುಗಳ ಮೇಲೆ ಮುಖ್ಯಸ್ಥೆ, ಬೇರೆ ಯಾವ ಕಂಪನಿ ಐಟಿಐ ಸರ್ಟಿಫಿಕೇಟು ನೋಡಿ ಕೂರಿಸುತ್ತೆ, ಈ ವಯಸ್ಸಿನಲ್ಲಿ. ಅಲ್ಲಿ ಮರಳು ಕಲಸುವ ಯಂತ್ರದೊಳಗೆ ಇಳಿಯುವವನು, ಯಾರೂ ಚಾಲೂ ಮಾಡದ ಹಾಗೆ, ಸ್ವಿಚ್ಚಿಗೆ ತನ್ನ ಬೀಗ ಹಾಕಿ ಇಳಿಯಬೇಕು, ಹತ್ತಿ ಬಂದು ತಾನೇ ತೆಗೆಯಬೇಕು, ಒಮ್ಮೆ ರುದ್ರೇಶ ಅನ್ನುವ ಹುಡುಗ ಹತ್ತಿ ಬಂದವನು ಮರೆತು ಬೀಗದಕೈ ಸಮೇತ ಕುಂಸಿ ಬಸ್ಸು ಹತ್ತಿದ, ಒಳಗೆ ಯಾರೂ ಇಲ್ಲ ಒಡೀರಿ ಬೀಗ ಅಂತ ಮ್ಯಾನೇಜರು ಕೂಗಾಡಿದರು, ಯಾರೂ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಆದರೂ ಫೋರ್‌ಮನ್ ರಾಮಚಂದ್ರಪ್ಪ ಜೇಬಿನಿಂದ ತಮ್ಮ ಬೀಗ ತೆಗೆದು ಪಕ್ಕದ ತೂತಿಗೆ ಹಾಕಿದರು, ಟಕ್, ಈಗ ಎರಡು ಒಡೀಬೇಕು ಸ್ವಾಮಿ. ಮರುದಿನ ಹೆದರುತ್ತ ಬಂದ ರುದ್ರೇಶನ ಕೈಗೆ ತಮ್ಮ ಟೀ ಲೋಟ ಕೊಟ್ಟರು, ಕುಡಿ ಮಾರಾಯ, ಮರೆವು ಯಾರಿಗಿಲ್ಲ ಹೇಳು. ರಾಮಚಂದ್ರಪ್ಪನವರನ್ನು ಆಮೇಲೆ ಅದೇ ತಪ್ಪಿಗೆ ಕಾರ್ಖಾನೆಯ ಗೇಟು ಕಾಯಲು ಹಾಕಿದರು, ನಿವೃತ್ತಿಯ ತನಕ, ಇವಳು ದಿನಾ ದಾಟುವಾಗ ಅವರು ಎದ್ದು ನಿಲ್ಲುತ್ತಿದ್ದರು, ಬೇಡ ಸಾರ್ ಅಂದರೂ — ಫೋನು. ಏನ್ ಮಾಡಿದ್ರಿ ಮೇಡಂ. ಬೀಗ ಇದೆ ಸರ್. ಆ ಹುಡುಗಿ ಬೀಗದಕೈ ಕೊಟ್ಟಾಯ್ತಂತಲ್ಲ. ಹೆದರಿ ಕೊಟ್ಟಳು, ಅದು ತೆಗೆದ ಹಾಗಲ್ಲ, ಈಗ ಪಕ್ಕದಲ್ಲಿ ಇನ್ನೊಂದಿದೆ ಅಂತ ತಿಳ್ಕೊಳ್ಳಿ. ಯಾರದು. ನಂದು. ಹಾಗಾದ್ರೆ ನಾಳೆಯಿಂದ ನೀವು ಬರೋದು ಬೇಡ. ರೈಲು ಯಾವಾಗ ಹೋಯಿತೋ, ಗೇಟು ಎದ್ದಿದೆ, ಟ್ರ್ಯಾಕ್ಟರು ಹೊರಟಿದೆ, ಜಲ್ಲೆ ಇನ್ನೂ ಬಿದ್ದಿಲ್ಲ, ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತಿದೆ, ಹೋಗ್ರೀ ಅಮ್ಮಾ, ಎಲ್ಲಿಗೆ, ಮುಂದೆ ಹಾರ ಹಿಡಿದವರು, ತಿರುಗಿಸೋಣವೆಂದರೆ ಲಾರಿ, ಮುಷ್ಟಿಯಲ್ಲಿ ಹುಡುಗಿಯ ಬೀಗದಕೈ ಅಂಗೈಗೆ ಒತ್ತುತ್ತಿದೆ, ಕಣ್ಣೆದುರು ಆ ಕಬ್ಬಿಣದ ಪಟ್ಟಿ, ಪ್ರಿಯದರ್ಶಿನಿಯ ಬೀಗ, ಅದಕ್ಕೆ ಆತುಕೊಂಡು ಪಕ್ಕದ ತೂತಿನಲ್ಲಿ ಇನ್ನೊಂದು, ತೂಗುತ್ತ, ಟಕ್ ಅಂತ ಒಂದಕ್ಕೊಂದು ತಾಗುತ್ತ, ಎರಡು ಬೀಗ, ಎರಡು —