ಮನೆ ಗಾಡಿಯ ಬ್ರೇಕು

ಊರವರ ಗಾಡಿಗೆ ಹೊಸ ಸಾಮಾನು, ನಮ್ಮ ಗಾಡಿಗೆ ಊರವರ ಹಳೇ ಸಾಮಾನು. ಗ್ಯಾರೇಜ್ ಇಟ್ಟವರ ಮನೆಯಲ್ಲಿ ಇದೇ ಪದ್ಧತಿ; ನಂಬಿಕೆ ಇಲ್ಲದಿದ್ದರೆ ಯಾವ ಮೆಕ್ಯಾನಿಕ್‌ನ ಹೆಂಡತಿಯನ್ನಾದರೂ ಕೇಳಿ ನೋಡಿ. ಗಿರಾಕಿಯ ಗಾಡಿಯಿಂದ ಬಿಚ್ಚಿದ ಬೆಲ್ಟು, ಬೇರಿಂಗು, ರಬ್ಬರ್ ಪೈಪು ಯಾವುದನ್ನೂ ನನ್ನ ಗಂಡ ಗುಜರಿಗೆ ಹಾಕುತ್ತಿರಲಿಲ್ಲ. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇನ್ನೂ ಬರುತ್ತೆ" ಎಂದು ಕೆಲಸದ ಮೇಜಿನ ಕೆಳಗಿನ ಡಬ್ಬಕ್ಕೆ ಎಸೆಯುತ್ತಿದ್ದರು. ಆ ಡಬ್ಬವೇ ನಮ್ಮ ಪಿಕಪ್ಪಿನ ತವರುಮನೆ. ಅದರ ಒಂದು ಬಾಗಿಲು ಹಸಿರು, ಇನ್ನೊಂದು ಬಿಳಿ, ಬಾನೆಟ್ಟಿಗೆ ಬಣ್ಣವೇ ಇಲ್ಲ. "ಊರವರು ಬಿಟ್ಟ ಬಟ್ಟೆಯನ್ನೆಲ್ಲ ಕೂಡಿಸಿ ಹೊಲಿದ ಅಂಗಿ ಇದ್ದ ಹಾಗಿದೆ" ಎಂದು ನಾನು ಹಂಗಿಸಿದರೆ, "ಮೈ ಮುಚ್ಚುತ್ತೆ ತಾನೆ?" ಎಂದು ಅವರು ನಗುತ್ತಿದ್ದರು. ಅವರಿಗಿಂತ ಜೋರಾಗಿ ನಗುತ್ತಿದ್ದವಳು ನಮ್ಮ ಮಗಳು.

ಅವಳನ್ನು ಎಲ್ಲರೂ ಮರಿ ಎಂದೇ ಕರೆಯುತ್ತಿದ್ದೆವು. ಬೆಳೆದು ಅಪ್ಪನ ಎತ್ತರಕ್ಕೆ ಬಂದ ಮೇಲೂ ಮರಿಯೇ. ಓದು ಮುಗಿಸಿ, ಬೇರೆ ಕೆಲಸ ನೋಡು ಎಂದು ನಾನು ಬಾಯಿ ನೋಯುವಷ್ಟು ಹೇಳಿದರೂ ಕೇಳದೆ, ಗ್ಯಾರೇಜಿಗೇ ಬಂದು ಸೇರಿಕೊಂಡಳು. ಅಪ್ಪ, ಚಿಕ್ಕಪ್ಪ, ಮರಿ ಮೂವರೂ ಮೂರು ಗಾಡಿಗಳ ಕೆಳಗೆ ಮಲಗಿದ್ದರೆ, ಹೊರಗೆ ಆರು ಪಾದ ಮಾತ್ರ ಕಾಣುತ್ತಿದ್ದವು. ಗಿರಾಕಿಗಳ ಕೆಲಸದಲ್ಲಿ ಇವರದು ಒಂದು ಕಟ್ಟುನಿಟ್ಟು. ಬ್ರೇಕಿನದೋ ಚಕ್ರದ್ದೋ ನಟ್ಟು ಬಿಗಿದ ಮೇಲೆ ಅದರ ಮೇಲೊಂದು ಹಳದಿ ಬಣ್ಣದ ಗೆರೆ ಎಳೆಯಬೇಕು. ಗೆರೆ ಇಲ್ಲದಿದ್ದರೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ. ನಮ್ಮ ಪಿಕಪ್ಪಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಅದರ ರಿಪೇರಿ ಯಾವಾಗಲೂ ಊಟಕ್ಕೆ ಕೂರುವ ಮುಂಚೆ, ಇನ್ನೊಂದು ಗಾಡಿ ಬರುವ ಮುಂಚೆ, ಅವಸರದಲ್ಲಿ ನಡೆಯುತ್ತಿತ್ತು.

ಆ ಪಿಕಪ್ಪಿನಲ್ಲೇ ಮರಿ ಹೋದಳು. ರಿಪೇರಿಯಾದ ಒಂದು ಗೇರ್‌ಬಾಕ್ಸನ್ನು ಹಿಂದೆ ಹೇರಿಕೊಂಡು ಗಿರಾಕಿಗೆ ತಲುಪಿಸಲು ಹೊರಟವಳು, ಕಲ್ಲಿನ ಕ್ವಾರಿಯ ಹತ್ತಿರದ ಇಳಿಜಾರಿನಲ್ಲಿ, ತಿರುವಿನ ಗೋಡೆಗೆ ಗುದ್ದಿದಳು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ನಾನು ಬದುಕಿ ಇದನ್ನು ಹೇಳುತ್ತಿದ್ದೇನಲ್ಲ, ಅದಕ್ಕೇ ನನಗೆ ನಾಚಿಕೆಯಾಗುತ್ತದೆ.

ಪರಿಶೀಲನೆಗೆ ಬಂದ ಅಧಿಕಾರಿ ತನ್ನ ಇಸ್ತ್ರಿ ಪ್ಯಾಂಟು ಕೊಳೆಯಾದೀತೆಂದು ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. ಅತಿವೇಗ ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಂಡ. ಊರಿಗೆ ಅಷ್ಟು ಸಾಕಾಯಿತು. ಸಮಾಧಾನ ಹೇಳಲು ಬಂದವರು ನಮ್ಮ ಗ್ಯಾರೇಜಿನ ಹಳೇ ಟೈರುಗಳ ಮೇಲೆ ಕೂತು, ನಾನು ಕೊಟ್ಟ ಟೀ ಕುಡಿದು, "ಪ್ರಾಯದ ಹುಡುಗಿ, ಜೋರು ಸ್ವಲ್ಪ ಜಾಸ್ತಿ" ಎಂದು ತಲೆ ಅಲ್ಲಾಡಿಸಿ ಹೋದರು. ಆಡುವವರ ಬಾಯಿಗೆ ಬೀಗ ಹಾಕಲಾದೀತೆ? ನಾನು ಮಾತ್ರ ಹಾಕಲು ನೋಡಿದೆ. ಇಬ್ಬರು ಮೂವರ ಮೇಲೆ ಹರಿಹಾಯ್ದೆ. ನನ್ನ ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಅಳಲೂ ಇಲ್ಲ.

ಕೊನೆಗೆ ಪಿಕಪ್ಪನ್ನು ಎಳೆದು ತಂದು ನಮ್ಮ ಶೆಡ್ಡಿನ ಹಿಂಭಾಗದಲ್ಲಿ ಬಿಟ್ಟು ಹೋದರು. ನನ್ನ ಗಂಡ ಅದನ್ನು ಒಂದು ಸುತ್ತು ಹಾಕಿದರು. ತೆರೆಯಲು ಬರುತ್ತಿದ್ದ ಬಿಳಿ ಬಾಗಿಲು ತೆರೆದು, ಒಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ಮುಚ್ಚಿ, "ನಾಳೆ ನಾನೇ ಬಿಚ್ಚಿ ನೋಡ್ತೀನಿ. ಯಾರೂ ಮುಟ್ಟಬೇಡಿ" ಎಂದರು.

ಡಬ್ಬದ ಸಾಮಾನು ಆ ಗಾಡಿಯಲ್ಲಿ ಎಲ್ಲೆಲ್ಲಿ ಇದೆಯೆಂದು ಅವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರ ಕೈಯಿಂದಲೇ ಆಗಿದ್ದು ಎಂದು ತಿಳಿದರೆ ಈ ಮನುಷ್ಯ ಉಳಿಯುವುದಿಲ್ಲ. ಮಗಳು ಹೋದಳು, ಇವರನ್ನೂ ಕಳೆದುಕೊಂಡು ನಾನು ಯಾರ ಮುಖ ನೋಡಲಿ?

ಅವರು ಮಧ್ಯಾಹ್ನ ಬಿಪಿ ತೋರಿಸಲು ಡಾಕ್ಟರ ಹತ್ತಿರ ಹೋದಾಗ ಮೈದುನನನ್ನು ಕರೆದೆ.

"ಕೆಳಗೆ ಹೋಗಿ ನೋಡು."

"ಅಣ್ಣ ಮುಟ್ಟಬೇಡಿ ಅಂದಿದಾನೆ, ಅತ್ತಿಗೆ."

"ನಾನು ಮುಟ್ಟು ಅಂತಿದೀನಿ."

ಅವನು ಅಂಗಾತ ಮಲಗಿ ಕೆಳಗೆ ಜಾರಿದ. ಸ್ವಲ್ಪ ಹೊತ್ತು ಟಾರ್ಚಿನ ಬೆಳಕು ಅತ್ತಿತ್ತ ಓಡಾಡಿ, ಎಡಗಡೆಯ ಮುಂದಿನ ಚಕ್ರದ ಹತ್ತಿರ ನಿಂತುಬಿಟ್ಟಿತು. ಈಚೆ ಬಂದು ಕಂಡದ್ದನ್ನು ಹೇಳಿದ. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸು ಉದ್ದಕ್ಕೆ ಸೀಳಿತ್ತು. ಹಳೇ ಕಾಲದ ಗಾಡಿ, ಬ್ರೇಕಿಗೆ ಒಂದೇ ಲೈನು; ಒಂದು ಕಡೆ ಒಡೆದರೆ ನಾಲ್ಕೂ ಚಕ್ರಕ್ಕೆ ಇಲ್ಲ. ಸೀಳಿದ ಆ ಹೋಸು ಯಾವುದೋ ಗಿರಾಕಿಯ ಗಾಡಿಯಿಂದ ಬಿಚ್ಚಿದ್ದು. ಅವನೇ ಬಿಚ್ಚಿದ್ದನಂತೆ, ಗುರುತು ಸಿಕ್ಕಿತು.

"ತೆಗೆದುಬಿಡು. ಹೊಸದು ಹಾಕು, ಮಣ್ಣು ಮೆತ್ತು. ಬ್ರೇಕು ಸರಿಯಾಗೇ ಇತ್ತು ಅಂದ್ಕೊಳ್ಳಲಿ."

"ಅತ್ತಿಗೆ, ಇದು ತಪ್ಪು."

"ನಿನ್ನ ಅಣ್ಣ ಬೇಕೋ ಬೇಡವೋ ನಿನಗೆ?"

ಅವನು ಮತ್ತೆ ಕೆಳಗೆ ಜಾರಿದ. ಹೊಸ ಹೋಸು ಹಾಕಿದ, ಎಣ್ಣೆ ಒರೆಸಿದ, ಹಳೇ ಗ್ರೀಸು, ಮಣ್ಣು ಕಲಸಿ ಬಳಿದ. ಕೆಲಸ ಮಾಡುತ್ತಾ ಅಳುತ್ತಿದ್ದ. ನಾನು ಬಾಗಿಲಲ್ಲಿ ಕಾವಲು ನಿಂತಿದ್ದೆ.

ಮಾರನೆಯ ಬೆಳಿಗ್ಗೆ ನನ್ನ ಗಂಡ ಜಾಕ್ ಹಾಕಿ ಗಾಡಿ ಎತ್ತಿದರು. ಬಲಗಡೆಯ ಮುಂದಿನ ಚಕ್ರ ಬಿಚ್ಚಿ ನೋಡಿದರು. ಹಿಂದಿನವೆರಡನ್ನೂ ನೋಡಿದರು. ಎಡಗಡೆಯ ಮುಂದಿನ ಚಕ್ರಕ್ಕೆ ಬಂದಾಗ ಮೈದುನ ಎದ್ದು ನೀರು ಕುಡಿಯಲು ಹೋದ. ಅವರು ಚಕ್ರ ತೆಗೆದು ಪಕ್ಕಕ್ಕೆ ಒರಗಿಸಿ, ಬಟ್ಟೆಯಿಂದ ಹೋಸಿನ ಬುಡದ ನಟ್ಟನ್ನು ಒರೆಸಿದರು. ಒಂದು ಸಲ, ಇನ್ನೊಂದು ಸಲ. ಆಮೇಲೆ ಬಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಇಲ್ಲಿ ಬಾ."

ಹೋದೆ. ಮಣ್ಣಿನ ಕೆಳಗೆ, ನಟ್ಟಿನ ಮೇಲೆ, ನೀಟಾದ ಹಳದಿ ಗೆರೆ.

ಕೈಗೆ ಅಂಟಿದ ಅಭ್ಯಾಸ. ಅಳುತ್ತಿದ್ದವನ ಕೈ ತಾನಾಗಿಯೇ ಬಣ್ಣದ ಡಬ್ಬಿಗೆ ಹೋಗಿತ್ತು. ಗೆರೆ ಎಳೆದು, ಅದರ ಮೇಲೆ ಮಣ್ಣು ಬಳಿದಿದ್ದ, ಪುಣ್ಯಾತ್ಮ. ಸುಳ್ಳು ಕೆಲಸವನ್ನೂ ಕೆಟ್ಟದಾಗಿ ಮಾಡಲು ಬರಲಿಲ್ಲ ಅವನಿಗೆ.

"ನಮ್ಮ ಗಾಡಿಗೆ ಯಾವತ್ತು ಗೆರೆ ಎಳೆದಿದೀವಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನಾನೇ ಹಾಕಿಸಿದ್ದು. ಅವನನ್ನ ಬೈಬೇಡಿ."

"ಗೊತ್ತು. ಅವನಿಗೆ ಇಷ್ಟೆಲ್ಲ ತಲೆ ಓಡಲ್ಲ."

ನನಗೆ ಅಳು ಒತ್ತಿ ಬಂತು. "ನಿಮಗೆ ಗೊತ್ತಾಗಬಾರದು ಅಂತ ಮಾಡಿದೆ ರೀ."

"ನಿನ್ನೆ ಗಾಡಿ ಬಂದಾಗಲೇ ಗೊತ್ತಾಯ್ತು ನಂಗೆ. ಒಳಗೆ ನೋಡಿದೆನಲ್ಲ. ಗೇರು ಎರಡಕ್ಕೆ ಇಳಿಸಿದ್ಲು. ಹ್ಯಾಂಡ್‌ಬ್ರೇಕು ಕೊನೇ ಹಲ್ಲಿನವರೆಗೂ ಎಳೆದಿದ್ಲು. ಬ್ರೇಕು ನೆಟ್ಟಗಿದ್ರೆ ಇಳಿಜಾರಲ್ಲಿ ಅದನ್ನ ಯಾರು ಎಳೀತಾರೆ? ಪೆಡಲು ಕೈಕೊಟ್ರೆ ಹೀಗೆ ಮಾಡು ಅಂತ ನಾನೇ ಕಲಿಸಿದ್ದು. ಒಂದನ್ನೂ ಬಿಟ್ಟಿಲ್ಲ." ಅವರು ಚಕ್ರವಿಲ್ಲದ ಆ ಮೂಲೆಯನ್ನೇ ನೋಡುತ್ತಿದ್ದರು. "ನಾನು ಹೇಳಿಕೊಟ್ಟಿದ್ದನ್ನೆಲ್ಲ ಅವಳು ಮಾಡಿದಾಳೆ. ನಾನು ಮಾಡಬೇಕಾಗಿದ್ದನ್ನ ನಾನು ಮಾಡಿರಲಿಲ್ಲ."

"ಗೊತ್ತಿದ್ದ ಮೇಲೆ ಯಾಕೆ ಬಿಚ್ಚಿದ್ರಿ?"

"ಒಡೆದಿದ್ದು ಯಾವುದು ಅಂತ ನೋಡಬೇಕಿತ್ತು." ಆಮೇಲೆ ಅವರೇ ಕೇಳಿದರು. "ಬ್ರೇಕು ಸರಿ ಇತ್ತು ಅಂತ ಆದ್ರೆ, ತಪ್ಪು ಯಾರದ್ದಾಗುತ್ತೆ ಹೇಳು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಊರವರನ್ನೆಲ್ಲ ಬೈದುಕೊಂಡು ತಿರುಗಿದವಳು ನಾನು. ಕೊನೆಗೆ ಬರೆಯ ಕಬ್ಬಿಣ ಕಾಯಿಸಿದ್ದು ನಾನೇ. ಬದುಕಿರುವವರನ್ನು ಉಳಿಸಿಕೊಳ್ಳಲು ಹೋಗಿ, ತಪ್ಪನ್ನು ಬಾಯಿಲ್ಲದ ಮಗಳ ತಲೆಗೆ ಕಟ್ಟಲು ಹೊರಟಿದ್ದೆ. ಹೆತ್ತವಳಿಗೆ ಅದು ಹೊಳೆಯಲಿಲ್ಲ, ಅವರಿಗೆ ಹೊಳೆದಿತ್ತು.

ಅಷ್ಟರಲ್ಲಿ ಬೇಕರಿಯವರು ಬಂದರು. ಅವರ ವ್ಯಾನು ಬ್ರೇಕ್ ಕೆಲಸಕ್ಕೆಂದು ನಮ್ಮಲ್ಲೇ ನಿಂತಿತ್ತು. ಬೆಳಿಗ್ಗೆ ಬನ್ನು ಬ್ರೆಡ್ಡು ಹಂಚಲೂ ಅದೇ, ಸಂಜೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಲೂ ಅದೇ. ಒಳ್ಳೆಯ ಮನುಷ್ಯ. ಬಿಚ್ಚಿದ ಪಿಕಪ್ಪನ್ನು ಕಂಡು ಮುಖ ಸಣ್ಣದು ಮಾಡಿಕೊಂಡು, "ಇದನ್ಯಾಕೆ ಮತ್ತೆ ನೋಡ್ತೀರಿ ಮೇಸ್ತ್ರಿ, ಸಂಕಟ ಹೆಚ್ಚಾಗುತ್ತೆ" ಎಂದರು. "ಏನು ಮಾಡೋಕಾಗುತ್ತೆ. ಈಗಿನ ಮಕ್ಕಳು ಜೋರು. ಹೇಳಿದ್ರೆ ಎಲ್ಲಿ ಕೇಳ್ತಾರೆ."

"ಜೋರಾಗಿ ಹೋಗ್ತಿರಲಿಲ್ಲ ಅವಳು." ನನ್ನ ಗಂಡ ಎದ್ದು ನಿಂತರು. "ಬ್ರೇಕು ಹೋಯ್ತು. ಬೇರೆಯವರ ಗಾಡಿಯಿಂದ ಬಿಚ್ಚಿದ ಹೋಸು ಹಾಕಿದ್ದೆ. ನಾನೇ ಹಾಕಿದ್ದು. ಒಡೆದುಹೋಯ್ತು."

ಬೇಕರಿಯವರು ತಮ್ಮ ವ್ಯಾನಿನ ಕಡೆ ಕಣ್ಣು ಹಾಯಿಸಿದರು, ಕೂಡಲೇ ನಾಚಿಕೊಂಡು ಕಣ್ಣು ತೆಗೆದರು. ಅವರನ್ನು ನಾನು ದೂರುವುದಿಲ್ಲ. ಅದರಲ್ಲಿ ಅವರ ಮಕ್ಕಳು ಕೂರುತ್ತಾರೆ. ಏನು ಹೇಳಬೇಕೆಂದು ತೋಚದೆ ನನ್ನ ಕಡೆ ತಿರುಗಿದರು.

"ಏನಮ್ಮ ಇದು? ದುಃಖದಲ್ಲಿ ಏನೇನೋ ಹೇಳ್ತಿದಾರೆ ಅಲ್ವಾ?"

ದಾರಿ ತೆಗೆದುಕೊಟ್ಟ ಹಾಗೆ ಕೇಳಿದರು, ಪಾಪ. ಹೌದು ಎಂದರೆ ಸಾಕಿತ್ತು. ಗ್ಯಾರೇಜ್ ಉಳಿಯುತ್ತಿತ್ತು, ಗಂಡನ ಹೆಸರು ಉಳಿಯುತ್ತಿತ್ತು, ಸಂಜೆಯ ಹೊತ್ತಿಗೆ ಬೇಕರಿಯವರು ಅದನ್ನು ನಂಬಿಯೂ ಬಿಡುತ್ತಿದ್ದರು. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎನ್ನುತ್ತಿದ್ದಾರೋ, ಹೇಳು ಎನ್ನುತ್ತಿದ್ದಾರೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೇ ತಿಳಿಯಲಿಲ್ಲ. ನೀರಿನ ಚೊಂಬು ಹಿಡಿದು ಮೈದುನ ಬಾಗಿಲಲ್ಲಿ ನಿಂತಿದ್ದ.

"ಇಲ್ಲ" ಎಂದೆ. "ಅವರು ಹೇಳಿದ್ದು ನಿಜ. ನಮ್ಮ ಮಗಳದ್ದು ಏನೂ ತಪ್ಪಿಲ್ಲ. ಅವಳು ಚೆನ್ನಾಗಿ ಓಡಿಸ್ತಿದ್ಲು. ಇವರು ಹಾಕಿದ ಬ್ರೇಕು ಒಡೆದು ಸತ್ತಳು."

ಬೇಕರಿಯವರು ತಲೆ ತಗ್ಗಿಸಿ, ಮೆಲ್ಲಗೆ ವ್ಯಾನಿನ ಕೀಲಿ ಕೇಳಿದರು. ಮೈದುನ ಗೋಡೆಯ ಮೊಳೆಯಿಂದ ತೆಗೆದುಕೊಟ್ಟ. ಎಲ್ಲ ಕೆಲಸ ಮುಗಿದಿದೆ, ಹೊಸ ಸಾಮಾನೇ ಹಾಕಿದ್ದು ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ವ್ಯಾನು ನಿಧಾನವಾಗಿ, ಎರಡು ಮೂರು ಸಲ ಬ್ರೇಕ್ ಒತ್ತಿ ನೋಡುತ್ತಾ, ರಸ್ತೆಗೆ ಇಳಿಯಿತು.

ಆಗ ನನ್ನ ಗಂಡ ಕುಸಿದು ಕೂತರು. ಮಗಳು ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವರು, ಬಿಚ್ಚಿದ ಚಕ್ರವನ್ನು ತಬ್ಬಿಕೊಂಡು ಹೋ ಎಂದು ಅತ್ತರು. ಮರೀ, ಮರೀ ಎಂದು ಕೂಗಿದರು. ಮೈದುನ ಚೊಂಬು ಬಿಸಾಡಿ ಓಡಿಹೋಗಿ ಅಣ್ಣನನ್ನು ಹಿಡಿದುಕೊಂಡ. ನಾನೂ ಹೋಗಬೇಕಿತ್ತು. ಅವರನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದವಳು ನಾನೇ ತಾನೆ.

ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವವರೆಗೆ ಅದು ನನ್ನ ಕಿವಿಗೂ ಬಿದ್ದಿರಲಿಲ್ಲ. ಇವರು ಹಾಕಿದ ಬ್ರೇಕು. ನನ್ನ ಮಗಳು. ನಾನು ಹೋಸು ಬದಲಾಯಿಸಿದ್ದು, ನಿಜ ಅವರಿಗೆ ತಿಳಿಯಬಾರದೆಂದಷ್ಟೇ ಅಲ್ಲ, ನನಗೂ ತಿಳಿಯಬಾರದೆಂದೇ ಎಂದು ಅಲ್ಲಿ ನಿಂತಾಗ ಅರ್ಥವಾಯಿತು. ಅವರು ಕಣ್ಣೀರು ತುಂಬಿದ ಮುಖ ಎತ್ತಿ ನನ್ನ ಕಡೆ ಕೈ ಚಾಚಿದರು. ಬರುತ್ತೇನೆ ಎಂದುಕೊಂಡೆ, ನಿಜವಾಗಿಯೂ ಎಂದುಕೊಂಡೆ. ಕಾಲು ಏಳಲಿಲ್ಲ.