ಬಾಚಣಿಗೆ ಇಳಿಯದ ಮೈ

ಕಣ್ಣಿನ ಆಪರೇಷನ್ನಿಗೆ ಹೊರಟ ದಿನ ಅಕ್ಕ ತನ್ನ ಕಣ್ಣಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸು ಬರುವವರೆಗೆ ಆಡಿದ್ದೆಲ್ಲ ನಾಯಿಮರಿಯ ಕೂದಲಿನ ಮಾತು.

“ಮರಿಗೂದಲು ಉದುರಿ ದೊಡ್ಡ ಕೂದಲು ಬರೋ ಕಾಲ ಕಣೋ ಇದು. ಹಳೇದು ಪೂರ್ತಿ ಬಿಟ್ಟು ಹೋಗಲ್ಲ, ಹೊಸದು ಕಾಯಲ್ಲ. ಎರಡೂ ಒಳಗೊಳಗೇ ಸಿಕ್ಕು ಹಾಕ್ಕೊಳ್ತವೆ. ದಿನಾ ಬಾಚ್ಬೇಕು. ಮೇಲೆ ಮೇಲೆ ಅಲ್ಲ, ಪದರ ಬಿಡಿಸಿ ಬುಡದಿಂದ. ಬಾಚದೆ ನೀರು ಮಾತ್ರ ಹಾಕ್ಬೇಡ.”

“ಅಕ್ಕಾ, ಬೇರೆ ಯಾರಿಗಾದ್ರೂ ಹೇಳು ಅದನ್ನ. ನನಗೆ ಕೂದಲಿನ ಪಾಠ ಹೇಳ್ತೀಯಲ್ಲ!”

“ನಿನಗೇ ಹೇಳ್ಬೇಕಾಗಿರೋದು,” ಎಂದಳು ಅಕ್ಕ.

ಹಾಗೆ ಎದೆಯುಬ್ಬಿಸುವುದಕ್ಕೆ ನನಗೆ ಕಾರಣವಿತ್ತು. ನಮ್ಮದು ಉಣ್ಣೆಯ ಹಾಸು ಮಾಡುವ ಮನೆ. ಮಗ್ಗವಿಲ್ಲ, ನೂಲಿಲ್ಲ. ಹಿಂಜಿದ ಉಣ್ಣೆಯನ್ನು ಮೇಜಿನ ಮೇಲೆ ಹರಡಿ, ಸಾಬೂನು ಕದಡಿದ ಬಿಸಿನೀರು ಚಿಮುಕಿಸಿ, ಅಂಗೈಯಿಂದ ಸುತ್ತು ಸುತ್ತಾಗಿ ಉಜ್ಜುತ್ತಾ ಹೋದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಮ್ಮೆ ಹಿಡಿದವು ಮತ್ತೆ ಬಿಡುವುದಿಲ್ಲ. ಕುದುರೆಯ ತಡಿಯ ಕೆಳಗೆ ಹಾಕುವ ಹಾಸು, ಕುರ್ಚಿಯ ಮೆತ್ತೆ, ಚಪ್ಪಲಿಯ ಒಳಪದರ, ಎಲ್ಲ ಹೀಗೇ ಆಗುವುದು. ಉಜ್ಜುವುದು ನಾನು, ಅಂಚು ಕತ್ತರಿಸುವುದು ನನ್ನ ಹೆಂಡತಿ. ಬಿಸಿನೀರು, ಸಾಬೂನು, ಉಜ್ಜಾಟ ಈ ಮೂರೂ ಕೂಡಿದರೆ ಕೂದಲು ಏನಾಗುತ್ತದೆ ಎಂಬುದನ್ನು ನಮ್ಮ ಸುತ್ತಮುತ್ತ ನನ್ನಷ್ಟು ಬಲ್ಲವರು ಯಾರೂ ಇಲ್ಲ. ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಹೋಗಬೇಕು.

ಮರಿಯ ಹೆಸರು ಗೊಂಡೆ. ಉದ್ದ ಕೂದಲಿನ ಜಾತಿ. ಕೂತರೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಹುಡುಕಬೇಕು. ಅಕ್ಕ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವವಳು. ಅವಳ ಕಣ್ಣಿಗೆ ಪೊರೆ ಬಂದು ಕೆಲವು ವರ್ಷಗಳಾಗಿದ್ದವು. ಎದುರಿಗೆ ಬಂದವರನ್ನು ಧ್ವನಿಯಿಂದ, ಮರಿಯನ್ನು ಕೈಯಿಂದ ಗುರುತು ಹಿಡಿಯುತ್ತಿದ್ದಳು. ದಿನವೂ ಮಧ್ಯಾಹ್ನ ಅದನ್ನು ಮಡಿಲಲ್ಲಿ ಹಾಕಿಕೊಂಡು ಬೆರಳಿನಿಂದಲೇ ಸಿಕ್ಕು ಹುಡುಕಿ ಬಿಡಿಸುತ್ತಿದ್ದಳು. ಬಾಚಣಿಗೆ ಆಮೇಲೆ. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ, “ಆಪರೇಷನ್ನು ಏನಾದ್ರೂ ಆಗ್ಲಿ. ತಿರುಗಿ ಬಂದಾಗ ಅದು ನನ್ನ ಮಡಿಲಿಗೆ ಬಂದ್ರೆ ಸಾಕು,” ಎಂದಳು. ಆಗ ಅವಳಿಗೆ ಎಷ್ಟು ಭಯವಿದೆ ಎಂದು ನನಗೆ ತಿಳಿಯಿತು. ಪಟ್ಟಣದಲ್ಲಿ ನನ್ನ ಮಗಳ ಮನೆಯಲ್ಲಿ ಉಳಿದು, ಒಂದು ಕಣ್ಣು ವಾಸಿಯಾದ ಮೇಲೆ ಇನ್ನೊಂದನ್ನೂ ಮುಗಿಸಿಕೊಂಡು ಬರುವುದೆಂದು ಗೊತ್ತಾಗಿತ್ತು.

ಮೊದಲ ಕೆಲವು ದಿನ ಹೇಳಿದ ಹಾಗೆಯೇ ಬಾಚಿದೆ. ಬಾಚಣಿಗೆಯ ತುಂಬ ಹತ್ತಿಯಂತಹ ಮರಿಗೂದಲು ಬರುತ್ತಿತ್ತು. ಕೆಲಸಗಾರನ ಬುದ್ಧಿ ಎಲ್ಲಿ ಹೋಗುತ್ತದೆ? ಅದನ್ನೂ ಬೆರಳಲ್ಲಿ ಹೊಸೆದು ನೋಡಿ, ಎಳೆ ಗಿಡ್ಡ, ಒಳ್ಳೆಯ ಹಾಸಾಗುವ ಮಾಲು ಎಂದುಕೊಳ್ಳುತ್ತಿದ್ದೆ.

ಆಮೇಲೊಂದು ದಿನ ಹೆಂಡತಿ ಮಾಲು ಕೊಡಲು ಸಂತೆಗೆ ಹೋಗಿದ್ದಾಗ ಗೊಂಡೆ ಪಕ್ಕದ ಮನೆಯ ತಿಪ್ಪೆಗೆ ಇಳಿದು, ಅಲ್ಲಿ ಮನಸೋ ಇಚ್ಛೆ ಹೊರಳಾಡಿ, ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಕಾಲಿಗೆ ಒರಗಿತು. ಒಲೆಯ ಮೇಲೆ ಹಂಡೆಯಲ್ಲಿ ಸಾಬೂನು ನೀರು ಹದವಾಗಿ ಕಾದಿತ್ತು. ಹಾಸಿಗೆಂದು ಕಾಯಿಸಿದ ನೀರು. ಹತ್ತಿರದಲ್ಲೇ ಮೇಜಿತ್ತು. ಮರಿಯನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ ನೀರು ಹುಯ್ದೆ. ಉಜ್ಜಿದೆ. ಹೇಗೆ ಉಜ್ಜಿದೆ ಎಂದು ಕೇಳಬೇಕಾಗಿಲ್ಲ. ಈ ಕೈಗೆ ಗೊತ್ತಿರುವುದು ಒಂದೇ ಬಗೆ. ಬೆನ್ನ ಮೇಲೆ ಸುತ್ತು ಸುತ್ತಾಗಿ, ಕಂಕುಳಲ್ಲಿ, ಕಿವಿಯ ಹಿಂದೆ, ಎಡೆ ಬಿಡದೆ. ಕೊನೆಗೆ ದಪ್ಪ ಟವೆಲಿನಲ್ಲಿ ಸುತ್ತಿ, ಹಾಸನ್ನು ಹಿಂಡುವಂತೆ ಒತ್ತಿ, ಮತ್ತೆ ಉಜ್ಜಿ, ಬಿಸಿಲಿಗೆ ಬಿಟ್ಟೆ. ಅದು ಖುಷಿಯಾಗಿ ಅಂಗಳದಲ್ಲಿ ಓಡಾಡಿತು. ನನಗೂ ಹೊಟ್ಟೆ ತಣ್ಣಗಾಯಿತು. ಬಾಚಲು ಮರುದಿನ ಕೂತೆ.

ಮರುದಿನ ಬಾಚಣಿಗೆಯಲ್ಲಿ ಒಂದು ಕೂದಲೂ ಬರಲಿಲ್ಲ.

ಅದರ ಮಾರನೆಯ ದಿನವೂ ಬರಲಿಲ್ಲ. ಬಾಚಣಿಗೆ ಮೇಲಿನಿಂದ ನುಣ್ಣಗೆ ಜಾರಿಕೊಂಡು ಹೋಗುತ್ತಿತ್ತು, ಕೂದಲು ಮಿರಿಮಿರಿ ಮಿಂಚುತ್ತಿತ್ತು. ಬೇರೆ ಯಾರಾಗಿದ್ದರೂ ಅನುಮಾನ ಪಡುತ್ತಿದ್ದರು. ನಾನು ಅಕ್ಕನಿಗೆ ಫೋನು ಮಾಡಿದೆ.

“ಉದುರೋ ಕಾಲ ಮುಗೀತು ಅಕ್ಕ.”

“ಇಷ್ಟು ಬೇಗನಾ?” ಅವಳಿಗೆ ಒಂದು ಕಣ್ಣಿನ ಆಪರೇಷನ್ನಾಗಿ ಪಟ್ಟಿ ಕಟ್ಟಿದ್ದರು. ಧ್ವನಿ ಸಣ್ಣಗಿತ್ತು.

“ನನ್ನ ಕೈಗುಣ ಅಂತ ಇಟ್ಕೋ. ಮೈ ಹೇಗೆ ತುಂಬ್ಕೊಂಡಿದೆ ಗೊತ್ತಾ! ಒತ್ತಿದ್ರೆ ಮೆತ್ತೆ ಒತ್ತಿದ ಹಾಗಿದೆ.”

“ನಿನ್ನ ಬಾಯಿಗೆ ಸಕ್ಕರೆ ಹಾಕ,” ಎಂದಳು ಅಕ್ಕ. ಆ ಮಾತು ಈಗ ನೆನೆದರೆ ಸಕ್ಕರೆಯ ಬದಲು ಬೇರೆ ಏನಾದರೂ ಹಾಕಬೇಕಿತ್ತು ಅನ್ನಿಸುತ್ತದೆ.

ಆ ವಾರ ಕುದುರೆಗಾಡಿಯವನು ಹಾಸು ಕೊಳ್ಳಲು ಬಂದಿದ್ದ. ನಾಲ್ಕು ಹಾಸು ಒತ್ತಿ ನೋಡಿ, ಕಾಲ ಬಳಿ ಕೂತಿದ್ದ ಗೊಂಡೆಯನ್ನೂ ಒತ್ತಿ ನೋಡಿದ.

“ಇದೇನು ಯಜಮಾನ್ರೇ, ನಾಯಿಗೂ ಹಾಸು ಹೊದಿಸಿದ್ದೀರಾ?”

“ಹುಟ್ಟಿನಿಂದ ಬಂದಿದ್ದಪ್ಪ,” ಎಂದು ನಾನು ಬೀಗಿದೆ. ಅವನು ತಮಾಷೆ ಮಾಡಿದ ಎಂದುಕೊಂಡೆ. ಅವನು ತನಗೆ ಕಂಡದ್ದನ್ನು ಹೇಳಿದ್ದ.

ಅದಾಗಿ ಕೆಲವು ವಾರಗಳ ಮೇಲೆ, ಗೊತ್ತಾದದ್ದು ನನ್ನ ಹೆಂಡತಿಗೆ. ಗೊಂಡೆ ಹೊಸಿಲು ಹತ್ತುವಾಗ ಮುಂಗಾಲನ್ನು ಎತ್ತಲಾರದೆ ಕುಂಟುತ್ತಿತ್ತು. ಕೈ ಚಾಚಿದರೆ ಮೇಜಿನ ಕೆಳಗೆ ನುಗ್ಗುತ್ತಿತ್ತು. ಊಟದ ತಟ್ಟೆ ತೋರಿಸಿ ಹೊರಗೆ ಕರೆದು, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿಕೊಂಡವಳೇ ಅವಳು ನಿಂತುಬಿಟ್ಟಳು.

“ರೀ, ಇಲ್ಲಿ ಬನ್ನಿ. ಇದಕ್ಕೆ ಚರ್ಮ ಎಲ್ಲಿದೆ ತೋರಿಸಿ ನೋಡೋಣ.”

ನಾನು ಕೂದಲೊಳಗೆ ಬೆರಳು ತೂರಿಸಲು ನೋಡಿದೆ. ಹೋಗಲಿಲ್ಲ. ಮೇಲಿನ ಒಂದಿಷ್ಟು ಕೂದಲಿನ ಕೆಳಗೆ ಎಲ್ಲವೂ ಒಂದೇ ಹಲಗೆ. ಹೇಳಿದರೆ ನಾಚಿಕೆಗೇಡು, ಆದರೂ ಹೇಳುತ್ತೇನೆ. ಬೆರಳು ಹೋಗಲಿಲ್ಲವಲ್ಲ, ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ‘ಭೇಷ್, ಹದ ಬಂದಿದೆ’ ಎಂದು. ಹಾಸು ಮುಗಿಯಿತೆಂದು ನಾವು ತಿಳಿಯುವುದೇ ಬೆರಳು ಇಳಿಯದಿದ್ದಾಗ. ಬೆರಳು ಹಿಂದಕ್ಕೆ ತೆಗೆದದ್ದು ಅದಾದ ಮೇಲೆ, ಮರಿ ಕುಂಯ್ ಎಂದಾಗ.

“ಸ್ನಾನ ಮಾಡಿಸಿದ್ರಾ?”

“ತಿಪ್ಪೆಗೆ ಬಿದ್ದಿತ್ತು ಕಣೆ.”

“ಬಾಚಿ ಮಾಡಿಸಿದ್ರಾ?”

ನಾನು ಹಂಡೆಯ ಕಡೆ ನೋಡಿದೆ. ಅವಳೂ ನೋಡಿದಳು. ಅವಳಿಗೆ ಇನ್ನೇನೂ ಕೇಳಬೇಕಾಗಲಿಲ್ಲ.

“ಅಯ್ಯೋ ಪುಣ್ಯಾತ್ಮ! ಮನೇಲಿದ್ದ ಉಣ್ಣೆ ಸಾಲ್ದೇ ಹೋಯ್ತಾ ನಿಮಗೆ?”

ಅಕ್ಕನಿಗೆ ಇನ್ನೊಂದು ಕಣ್ಣೂ ಆಗಿತ್ತು; ಬರುವುದು ಆ ವಾರದ ಕೊನೆಗೆ. ನಾನು ಎಲ್ಲ ಕೆಲಸ ಬದಿಗೊತ್ತಿ ಬಿಡಿಸಲು ಕೂತೆ. ಎಣ್ಣೆ ಸವರಿದೆ. ಗಂಟನ್ನು ಬೆರಳಿನಿಂದ ಎಳೆ ಎಳೆಯಾಗಿ ಸೀಳಲು ನೋಡಿದೆ. ಚರ್ಮ ಎಳೆಯದಂತೆ ಬುಡವನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ತುದಿಯಿಂದ ಬಾಚಿದೆ. ಜೀವಮಾನವಿಡೀ ಕೂದಲನ್ನು ಕೂಡಿಸಿದವನು ಈಗ ಅಗಲಿಸುವ ವಿದ್ಯೆ ಕಲಿಯಲು ಹೊರಟಿದ್ದೆ. ನಮ್ಮ ಹಾಸು ಹರಿದು ಬಂತೆಂದು ಇಂದಿನವರೆಗೆ ಯಾರೂ ದೂರು ತಂದಿಲ್ಲ ಎಂಬುದು ನನ್ನ ಹೆಮ್ಮೆ. ಆ ಹೆಮ್ಮೆಯೇ ಈಗ ನಾಯಿಯ ಮೈಮೇಲೆ ಕೂತು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಹಗಲೆಲ್ಲ ಕೂತರೂ ಒಂದು ಕಿವಿಯ ಹಿಂದಿನ ಗಂಟು ಅರ್ಧ ಬಿಟ್ಟಿತು, ಅಷ್ಟೇ.

ಗೊಂಡೆ ಕಚ್ಚಿದ್ದರೆ ಚೆನ್ನಾಗಿತ್ತು. ಅದು ಕಚ್ಚಲಿಲ್ಲ. ಬಾಚಣಿಗೆ ಎಳೆದಾಗಲೆಲ್ಲ ಬಾಚಣಿಗೆ ಹಿಡಿದ ಕೈಯನ್ನು ಬೇಗ ಬೇಗ ನೆಕ್ಕುತ್ತಿತ್ತು, ಸಾಕು ಬಿಡು ಎನ್ನುವಂತೆ.

ಹೆಂಡತಿ ಅಂಚು ಕತ್ತರಿಸುವ ಕೆಲಸ ಬಿಟ್ಟು ಬಂದು ನಿಂತಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾರಿಗೋಸ್ಕರ ಬಾಚ್ತಿದ್ದೀರಿ? ಇದಕ್ಕೋ, ನಿಮ್ಮ ಮುಖಕ್ಕೋ?”

“ಅಕ್ಕ ಬಂದು ನೋಡಿದ್ರೆ ಏನಂತಾಳೆ?”

“ಅತ್ತಿಗೆ ಬಂದಾಗ ಇದು ಅವರ ಮಡಿಲಿಗೆ ಹೋಗ್ಬೇಕು. ನೀವು ಹೀಗೇ ಎಳೀತಿದ್ರೆ ಯಾರ ಮಡಿಲಿಗೂ ಹೋಗಲ್ಲ. ಕೈ ಕಂಡ್ರೆ ಹೆದರೋ ಹಾಗೆ ಮಾಡಿ, ಕೂದಲು ಉಳಿಸಿ ಏನು ಮಾಡ್ತೀರಿ?”

ಬಾಚಣಿಗೆಯನ್ನು ಕೆಳಗಿಟ್ಟೆ. ಅಲ್ಲಿಯವರೆಗೆ ನಾನು ಕಣ್ಣ ಮುಂದೆ ಇಟ್ಟುಕೊಂಡಿದ್ದದ್ದು ಅಕ್ಕನ ಮುಖ ಅಲ್ಲ, ‘ನಿನಗೇ ಹೇಳ್ಬೇಕಾಗಿರೋದು’ ಎಂದು ಅವಳು ಮತ್ತೆ ಹೇಳುವಾಗಿನ ನನ್ನ ಮುಖ.

ಕ್ಷೌರದಂಗಡಿಗೆ ಹೋಗಿ ಮಷಿನ್ನು ಕೇಳಿದೆ. ಕ್ಷೌರದವನು ಹಳೆಯದೊಂದನ್ನು ಕೊಟ್ಟು, “ಯಾರಿಗೆ?” ಎಂದ. ಹೇಳಿದೆ. “ವಾಪಸ್ ತರ್ಬೇಡಿ. ತಂದ್ರೂ ಗಿರಾಕಿಗಳು ಇರೋವಾಗ ತರ್ಬೇಡಿ,” ಎಂದ.

ಕೂದಲು ತೆಗೆದದ್ದು ಹೆಂಡತಿ. ನನ್ನ ಕೈಗೆ ಕೊಡಲಿಲ್ಲ; ನಾನೂ ಕೇಳಲಿಲ್ಲ. ಗೊಂಡೆಯ ಮೂಗಿಗೆ ಮುಖ ಕೊಟ್ಟು ನೆಲದ ಮೇಲೆ ಮಲಗುವುದು ನನಗೆ ಬಂದ ಕೆಲಸ. ಅವಳು ಚರ್ಮವನ್ನು ಬಿಗಿಯಾಗಿ ಹಿಡಿದು, ಮಷಿನ್ನು ಬಿಸಿಯಾದಾಗಲೆಲ್ಲ ನಿಲ್ಲಿಸಿ, ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡು, ಬೆನ್ನಿನಿಂದ ಹೊಟ್ಟೆಯ ಕಡೆಗೆ ಮೆಲ್ಲಗೆ ಇಳಿಸಿದಳು. ಕೂದಲು ಉದುರಲಿಲ್ಲ. ಕೋಟು ಕಳಚಿದ ಹಾಗೆ ಒಂದೇ ತುಂಡಾಗಿ ಬಂತು. ಕೆಳಗೆ ಕಂಡದ್ದು ಗುಲಾಬಿ ಬಣ್ಣದ ತೆಳ್ಳನೆಯ ಮೈ, ಎಣಿಸಬಹುದಾದ ಪಕ್ಕೆಲುಬು, ಅಲ್ಲಲ್ಲಿ ಕೆಂಪು ಕಲೆ. ಮೈ ತುಂಬಿಕೊಂಡಿದೆ ಎಂದು ನಾನು ಫೋನಿನಲ್ಲಿ ಹೊಗಳಿದ ಮೈ ಇದು.

ಹೆಂಡತಿ ಕಳಚಿದ ತುಂಡನ್ನು ಬೆಳಕಿಗೆ ಹಿಡಿದಳು. ಎಲ್ಲಿಯೂ ಬೆಳಕು ತೂರಲಿಲ್ಲ. ದಪ್ಪ ಎಲ್ಲ ಕಡೆ ಒಂದೇ ಸಮ.

“ಇಷ್ಟು ಚೆನ್ನಾಗಿ ಕುದುರೆಗಾಡಿಯವನಿಗೂ ಮಾಡಿಕೊಟ್ಟಿಲ್ಲ ನೀವು,” ಎಂದಳು. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು, ಆಗಲಿಲ್ಲ. ನಾನೂ ನಕ್ಕೆ. ಗೊಂಡೆ ಎದ್ದು ಮೈ ಕೊಡವಿತು. ಕೊಡವಲು ಏನೂ ಇಲ್ಲದ್ದು ಅದಕ್ಕೇ ಆಶ್ಚರ್ಯವಾಗಿರಬೇಕು, ಇನ್ನೊಮ್ಮೆ ಕೊಡವಿ, ಕಾಲು ನೆಟ್ಟಗೆ ಎತ್ತಿ ಹೊಸಿಲು ದಾಟಿ ಅಂಗಳಕ್ಕೆ ಓಡಿತು. ಅದರ ಚರ್ಮಕ್ಕೆ ಹಚ್ಚುವ ಮುಲಾಮನ್ನು ದನದ ಡಾಕ್ಟರರಿಂದ ತಂದೆವು. ಅದನ್ನೂ ಹಚ್ಚಿದ್ದು ಹೆಂಡತಿಯೇ. ನನ್ನ ಕೈ ಕಂಡರೆ ಅದು ಇನ್ನೂ ಮೇಜಿನ ಕೆಳಗೆ.

ಅಕ್ಕ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಸ್ಸಿನಿಂದ ಇಳಿದಳು. ದಾರಿಯುದ್ದಕ್ಕೂ ಗೋಡೆ, ಗಿಡ, ಜನರ ಚಪ್ಪಲಿಯ ಬಣ್ಣ ಎಲ್ಲ ಹೇಳುತ್ತಾ ಬಂದಳು. ನಾನು ತಪ್ಪೊಪ್ಪಿಗೆಯ ಮಾತನ್ನು ಬಾಯಲ್ಲಿ ಇಟ್ಟುಕೊಂಡು, ಎಲ್ಲಿ ಉಗುಳುವುದೆಂದು ತಿಳಿಯದೆ ಚೀಲ ಹೊತ್ತು ನಡೆದೆ. ಮನೆಯೊಳಗೆ ಕಾಲಿಟ್ಟು ಕುರ್ಚಿಯಲ್ಲಿ ಕೂತು, ಗೋಡೆಯ ಮೂಲೆಯಲ್ಲಿ ನಿಂತಿದ್ದ ಗೊಂಡೆಯನ್ನು ಕನ್ನಡಕ ಸರಿಸಿ ನೋಡಿದಳು.

“ಇದು ಇಷ್ಟು ಸಣ್ಣದಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, “ಮೂಗಿನ ಮೇಲೆ ಒಂದು ಕಪ್ಪು ಚುಕ್ಕೆ ಇದೆಯಲ್ಲೇ! ಯಾರೂ ಹೇಳ್ಲೇ ಇಲ್ಲ ನನಗೆ,” ಎಂದು ಹೆಂಡತಿಯ ಕಡೆ ತಿರುಗಿದಳು. ಆಗ ಹೊಳೆಯಿತು. ಗೊಂಡೆಯ ಚೆಲುವನ್ನು ಅಕ್ಕ ಯಾವತ್ತೂ ಕಂಡೇ ಇರಲಿಲ್ಲ. ಯಾವ ಚೆಲುವು ಹೋಯಿತೆಂದು ನಾನು ನಿದ್ದೆಗೆಟ್ಟಿದ್ದೆನೋ ಅದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಅವಳು ಕೈ ಚಾಚಿದಳು. ಗೊಂಡೆ ಎರಡು ಹೆಜ್ಜೆ ಬಂದು, ಕೈ ಇನ್ನೂ ಮುಂದಕ್ಕೆ ಬಂದದ್ದು ಕಂಡು, ಮೈ ಕುಗ್ಗಿಸಿ ನೆಲಕ್ಕೆ ಅಂಟಿಕೊಂಡಿತು.

ಅಕ್ಕನ ಮುಖ ಬದಲಾಯಿತು. “ಯಾಕೋ ಇದು ಕೈ ಕಂಡ್ರೆ ಹೆದರ್ತಿದೆ?”

ಹೇಳಿದೆ. ತಿಪ್ಪೆ, ಹಂಡೆ, ಫೋನಿನಲ್ಲಿ ಕೊಚ್ಚಿಕೊಂಡದ್ದು, ಎಣ್ಣೆ, ಬಾಚಣಿಗೆ, ಯಾವುದನ್ನೂ ಬಿಡದೆ ಹೇಳಿದೆ. ಬಿಡಲು ನೋಡಿದ ಕಡೆ ಹೆಂಡತಿ, “ಅದೂ ಹೇಳಿ,” ಎಂದಳು. ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅರ್ಧ ಹಗುರವಾಗುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ಬರೋದಾದ್ರೆ ಅದಾಗೇ ಬರ್ಲಿ. ಯಾರೂ ಕರೀಬೇಡಿ.”

ಹೆಂಡತಿ ಕಾಫಿ ತಂದಳು. ಅಕ್ಕ ಪಟ್ಟಣದ ಸುದ್ದಿ ಹೇಳತೊಡಗಿದಳು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮುದುಕಿ ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಗಂಡನನ್ನು ನೋಡಿ, ಮತ್ತೆ ಕಟ್ಟಿಬಿಡಿ ಎಂದಳಂತೆ. ಅಕ್ಕ ಕಣ್ಣನ್ನು ಮೂಲೆಯ ಕಡೆ ಹೊರಳಿಸದೆ ಮಾತಾಡುತ್ತಲೇ ಇದ್ದಳು. ಗೊಂಡೆ ಮೊದಲು ಅವಳ ಚೀಲ ಮೂಸಿತು. ಆಮೇಲೆ ಸೀರೆಯ ಅಂಚು. ಕುರ್ಚಿಯನ್ನು ಒಂದು ಸುತ್ತು ಬಂದು, ನಿಟ್ಟುಸಿರು ಬಿಟ್ಟು, ಬರಿಯ ಹೊಟ್ಟೆಯನ್ನು ಅವಳ ಪಾದದ ಮೇಲೆ ಇಟ್ಟು ಮಲಗಿತು. ಅಕ್ಕನ ಮಾತು ಅಲ್ಲಿಗೇ ನಿಂತಿತು.

“ಎಷ್ಟು ಬೆಚ್ಚಗಿದೆ ನೋಡೇ,” ಎಂದಳು ಹೆಂಡತಿಗೆ, ಪಿಸುಮಾತಿನಲ್ಲಿ. ಕಣ್ಣಲ್ಲಿ ನೀರು ಬಂದಿತ್ತು. ಕಣ್ಣು ಒರೆಸಬಾರದೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ಬಿಟ್ಟಳು.

ಕಾಫಿ ಆರಿತು. ನಾನು ಲೋಟ ತೆಗೆದುಕೊಳ್ಳಲು ಎದ್ದೆ. ಗೊಂಡೆ ತಲೆ ಎತ್ತಿ ನನ್ನನ್ನು ನೋಡಿ, ಎದ್ದು, ಅಕ್ಕನ ಇನ್ನೊಂದು ಪಾದಕ್ಕೆ ವರ್ಗವಾಯಿತು.

“ನೀನು ಅಲ್ಲೇ ಬಾಗಿಲ ಹತ್ರ ಕೂತ್ಕೊಳ್ಳೋ,” ಎಂದಳು ಅಕ್ಕ.

ಕೂತೆ. ಈಗ ಹೊಸ ಕೂದಲು ಬರುತ್ತಿದೆ, ರೇಷ್ಮೆಯ ಹಾಗೆ. ಅಕ್ಕ ದಿನವೂ ಪದರ ಬಿಡಿಸಿ ಬಾಚುತ್ತಾಳೆ. ಆ ಹೊತ್ತಿಗೆ ನಾನೂ ಕೆಲಸ ನಿಲ್ಲಿಸಿ, ಕೈ ಕಟ್ಟಿಕೊಂಡು ಎದುರಿಗೆ ಕೂರಬೇಕೆಂದು ಅಪ್ಪಣೆಯಾಗಿದೆ. ಬಾಗಿಲ ಹತ್ತಿರದಿಂದ ನನ್ನ ಚಾಪೆಯನ್ನು ದಿನಕ್ಕಿಷ್ಟೆಂದು ಮುಂದಕ್ಕೆ ಎಳೆದುಕೊಳ್ಳುತ್ತೇನೆ.

“ಇವತ್ತು ಇವರು ಕಂಬದ ತನಕ ಬಂದ್ರು, ಅತ್ತಿಗೆ,” ಎನ್ನುತ್ತಾಳೆ ಹೆಂಡತಿ, ಕತ್ತರಿ ಆಡಿಸುತ್ತಾ.

“ಇದು ಎದ್ದು ಹೋಗೋ ಹಾಗಿದೆಯಾ?” ಅಕ್ಕ ಬಾಚಣಿಗೆಯಿಂದ ಕಣ್ಣು ತೆಗೆಯುವುದಿಲ್ಲ.

“ಇಲ್ಲ. ನೋಡ್ತಾ ಇದೆ.”

“ಹಾಗಾದ್ರೆ ಇವತ್ತಿಗೆ ಅವನು ಅಲ್ಲೇ ಇರ್ಲಿ,” ಎನ್ನುತ್ತಾಳೆ ಅಕ್ಕ.